ಐದು ಗುಲಾಬಿಗಳ ಆಯುರ್ವೃದ್ಧಿ

ಕೊಯ್ದ ಹೂವಿನ ಆಯಸ್ಸನ್ನು ರಬ್ಬರಿನ ಹಾಗೆ ಎಳೆದು ಉದ್ದ ಮಾಡಬಲ್ಲ ಗಂಡಸು ಈ ಬೀದಿಗೆಲ್ಲ ನಾನೊಬ್ಬನೇ. (ಹಲ್ಲು ಕಟ್ಟಿಸಿಕೊಂಡದ್ದು, ಮಾತು ಮಾತ್ರ ಸ್ವಂತದ್ದು.) ಮೂವತ್ತೈದು ವರ್ಷ ಔಷಧಿ ಅಂಗಡಿಯಲ್ಲಿ ಕೆಮ್ಮಿನ ಸಿರಪ್ಪು ಬೆರೆಸಿ ಮನುಷ್ಯರನ್ನೇ ಉಳಿಸಿದ ಕೈ ಇದು. ಉಳಿಯದವರು ಯಾರೂ ಬಂದು ದೂರಿಲ್ಲ. ಗುಲಾಬಿ ಯಾವ ಮಹಾ!

ನನ್ನವಳ ಕುಂಡದಲ್ಲಿ ಜನ್ಮಕ್ಕೆ ಮೊದಲ ಸಲ ಐದು ಗುಲಾಬಿ ಅರಳಿದ್ದವು. ಅರಳಿದ್ದು ಬುಧವಾರ, ಅವಳ ಅಕ್ಕ ಬರುವುದು ಭಾನುವಾರ. ಹೋದ ವರ್ಷ ಆ ಅಕ್ಕ, "ನಿನ್ನ ಕೈಗೆ ಸಿಕ್ಕಿದ್ರೆ ಪ್ಲಾಸ್ಟಿಕ್ ಹೂವೂ ಒಣಗತ್ತೆ ಕಣೇ" ಅಂದು ಹೋಗಿದ್ದರು. ಬಿರುಗಾಳಿಗೆ ಉದುರಿಹೋದಾವೆಂದು ಇವಳು ಹೂಗಳನ್ನು ಕೊಯ್ದು ತಂದಳು.

"ಭಾನುವಾರದ ತನಕ ಉಳಿಸ್ತೀರಾ?"

"ಮುಂದಿನ ಭಾನುವಾರದ ತನಕ ಅನ್ನು!"

ಐದು ಲೋಟ, ಐದು ದ್ರಾವಣ: ನಿಂಬೆ, ಚಕ್ಕೆ, ಪುದೀನ, ಬೆಳ್ಳುಳ್ಳಿ, ಲವಂಗ. ಒಂದೊಂದಕ್ಕೂ ಚೀಟಿ. ಗಂಟೆಗೊಮ್ಮೆ ಭೂತಗನ್ನಡಿ ಹಿಡಿದು ಎಸಳುಗಳ ತಪಾಸಣೆ, ನೋಟುಬುಕ್ಕಿನಲ್ಲಿ ವರದಿ.

"ನಂಗೆ ಜ್ವರ ಬಂದಾಗ ಇಷ್ಟು ಸಲ ನೋಡಿದ್ರಾ?" ಎಂದಳು. ಈ ಪ್ರಶ್ನೆ ಪ್ರಯೋಗದ ವ್ಯಾಪ್ತಿಗೆ ಬರುವುದಿಲ್ಲವೆಂದು ಬರೆದುಕೊಂಡೆ.

ಗುರುವಾರ ನಿಂಬೆಯದು ಕತ್ತು ಬಗ್ಗಿಸಿತು. ಶುಕ್ರವಾರ ಬೆಳ್ಳುಳ್ಳಿಯದು ವಾಸನೆ ತಾಳಲಾರದೆ ಪ್ರಾಣ ಬಿಟ್ಟಿತು. ಶನಿವಾರ ಚಕ್ಕೆ, ಪುದೀನ ಎರಡೂ ಜೊತೆಯಲ್ಲೇ ಹೊರಟವು. ಲವಂಗದ್ದು ಮಾತ್ರ ಮದುಮಗಳ ಹಾಗೆ ನಿಂತಿತ್ತು! ಹೇಗೆ? ಇನ್ನೂ ವಿಚಿತ್ರವೆಂದರೆ, ಎರಡು ದಿನದಿಂದ ನನ್ನ ಬಾಯಲ್ಲೂ ಲವಂಗದ ಘಮ. ಸತ್ವವು ಗಾಳಿಯಲ್ಲಿ ಹಬ್ಬಿ ಮನುಷ್ಯನನ್ನೂ ತಲುಪುತ್ತಿದೆಯೆಂದು ಕೆಂಪು ಶಾಯಿಯಲ್ಲಿ ದಾಖಲಿಸಿದೆ.

ಭಾನುವಾರ ಅಕ್ಕ ಬಂದವರೇ ಹೂ ನೋಡಿ, "ಇದು ನಿನ್ನ ಗಿಡದ್ದೇನೇ? ಈಗ ಅರಳಿದ ಹಾಗಿದೆ!" ಎಂದರು. ನನ್ನವಳು ಬಾಯಿ ತೆರೆಯುವ ಮೊದಲೇ ನಾನು ಲವಂಗದ ಮಹಿಮೆಯ ಮಾತು ತೆಗೆದು ಮುಕ್ಕಾಲು ಗಂಟೆ ಕೊರೆದೆ.

"ಅದರಲ್ಲಿ ಲವಂಗ ಇಲ್ಲ ರೀ," ಎಂದಳು ಇವಳು ತಣ್ಣಗೆ. "ಗುರುವಾರ ಬೆಳಿಗ್ಗೆನೇ ತೆಗೆದೆ. ಒಂದಾದ್ರೂ ಅಕ್ಕನ ಕಣ್ಣಿಗೆ ಬೀಳಲಿ ಅಂತ ದಿನಾ ದಂಟಿನ ತುದಿ ಕತ್ತರಿಸಿ ಬರೀ ತಣ್ಣೀರು ಹಾಕ್ತಿದ್ದೆ."

"ಮತ್ತೆ ನನ್ನ ದ್ರಾವಣ?"

"ಚೆಲ್ಲೋಕೆ ಮನಸ್ಸು ಬರಲಿಲ್ಲ. ನಿಮ್ಮ ಹಲ್ಲಿನ ಸೆಟ್ಟು ನೆನೆಸೋ ಡಬ್ಬಿಗೆ ಹಾಕಿದೆ." ಅಕ್ಕನ ಕಡೆ ತಿರುಗಿದಳು. "ಔಷಧಿ ಏನೋ ಒಳ್ಳೇದೇ ಅಕ್ಕಾ. ನಾಲ್ಕು ಹೂ ಬಾಡಿದ್ರೂ ಈ ಬಾಯಿ ಬಾಡಿಲ್ಲ ನೋಡು."