ಅಕ್ಕನ ತಲೆನೋವು, ನನ್ನ ಎಕ್ಸಾಸ್ಟ್ ಫ್ಯಾನ್

ಮನೆಯಲ್ಲೊಬ್ಬ ಡಾಕ್ಟರ್ ಇದ್ದರೆ ಮನೆಮಂದಿಗೆ ಧೈರ್ಯ ಎಂದು ಜನ ನಂಬಿದ್ದಾರೆ. ಪಾಪ, ಅವರಿಗೆ ಡಾಕ್ಟರರ ಮನೆಯ ಒಳಗಿನ ಸಂಗತಿ ಗೊತ್ತಿಲ್ಲ. ಹೊರಗಿನವರು ಕೆಮ್ಮಿದರೆ ನಾಲ್ಕು ಟೆಸ್ಟ್ ಬರೆಯುವ ನಾವು, ಹೆಂಡತಿ ಕೆಮ್ಮಿದರೆ ಪೇಪರಿನಿಂದ ತಲೆ ಎತ್ತದೆ "ಬಿಸಿನೀರು ಕುಡಿ" ಎನ್ನುತ್ತೇವೆ. ಅದರಲ್ಲೂ ನಿವೃತ್ತ ಡಾಕ್ಟರ್ ಇನ್ನೂ ಅಪಾಯಕಾರಿ. ಅವನ ಕೆಲಸ ಹೋಗಿರುತ್ತದೆ, ಗತ್ತು ಹೋಗಿರುವುದಿಲ್ಲ. ನಾನು ಅಂಥವನೇ. ಡ್ಯಾಲಸ್ಸಿನ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ಅರಿವಳಿಕೆ ತಜ್ಞನಾಗಿದ್ದೆ. ಆಪರೇಷನ್ನಿಗೆ ಬಂದವರಿಗೆ ಗ್ಯಾಸ್ ಕೊಟ್ಟು ಮಲಗಿಸಿ, ಮುಗಿದ ಮೇಲೆ ಎಬ್ಬಿಸುವುದು ನನ್ನ ಕೆಲಸ. ಮಲಗಿಸುವುದು ಯಾರಿಗಾದರೂ ಬರುತ್ತದೆ, ಎಬ್ಬಿಸುವುದರಲ್ಲಿ ವಿದ್ಯೆ ಇದೆ ಎಂದು ಪಾರ್ಟಿಗಳಲ್ಲಿ ಹೇಳಿ ನಗಿಸುತ್ತಿದ್ದೆ. ಈಗ ಹೇಳುವುದಿಲ್ಲ.

ನಿವೃತ್ತಿಯಾದ ಮೇಲೆ ನನಗೆ ಅಡುಗೆಯ ಹುಚ್ಚು ಹಿಡಿಯಿತು. ಹುಟ್ಟಿದ್ದು ಧಾರವಾಡದಲ್ಲಿ, ಹಸಿಮೆಣಸಿನಕಾಯಿ ಹುರಿದು ಖಾರ ಅರೆಯದಿದ್ದರೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಡ್ಯಾಲಸ್ ಪಕ್ಕದ ಪ್ಲೇನೋದಲ್ಲಿ ನಮ್ಮ ಮನೆ ಕಟ್ಟಿದವರು ಮೆಣಸಿನಕಾಯಿ ಹುರಿಯುವ ಜನರನ್ನು ಕಂಡವರಲ್ಲ. ಬಾಣಲೆ ಕಾದರೆ ಸಾಕು, ಹಜಾರದ ಹೊಗೆ ಅಲಾರಂ 'ಫೈರ್, ಫೈರ್' ಎಂದು ಬಾಯಿ ಬಡಿದುಕೊಳ್ಳುತ್ತದೆ. ಇಲ್ಲಿ ನಮ್ಮವರ ಮನೆಗಳಲ್ಲಿ ಇದಕ್ಕೊಂದು ಪದ್ಧತಿಯೇ ಬೆಳೆದಿದೆ. ಒಬ್ಬರು ಒಗ್ಗರಣೆ ಹಾಕಬೇಕು, ಇನ್ನೊಬ್ಬರು ಅಲಾರಂ ಕೆಳಗೆ ನಿಂತು ಟವೆಲ್ ಬೀಸಬೇಕು. ಹತ್ತಿರದ ಕಾಪೆಲ್‌ನಲ್ಲಿರುವ ಗೆಳೆಯರೊಬ್ಬರಂತೂ ಸತ್ಯನಾರಾಯಣ ಪೂಜೆಯ ದಿನ ಗಣಪತಿಗಿಂತ ಮೊದಲು ಅಲಾರಂಗೆ ಶವರ್ ಕ್ಯಾಪ್ ತೊಡಿಸುತ್ತಾರೆ. ನಮ್ಮ ಮನೆಯಲ್ಲಿ ಟವೆಲ್ ಸೇವೆ ನನ್ನ ಹೆಂಡತಿ ವೀಣಾಳದು. ಒಂದು ದಿನ ಅವಳು ಟವೆಲನ್ನು ನನ್ನ ಹೆಗಲ ಮೇಲೆ ಎಸೆದು, "ಇನ್ನ ನೀವ ಹುರೀರಿ, ನೀವ ಬೀಸ್ರಿ" ಎಂದುಬಿಟ್ಟಳು.

ಆಗ ತಂದದ್ದು ಈ ಎಕ್ಸಾಸ್ಟ್ ಫ್ಯಾನ್. ಹೋಟೆಲಿನವರು ಹಾಕುವಂಥದ್ದು. ಒಲೆಯ ಮೇಲೆ ಕೂರಿಸಿ ಗುಂಡಿ ಒತ್ತಿದರೆ ಘಾಟು ಮಾತ್ರವಲ್ಲ, ಕೊತ್ತಂಬರಿ ಎಲೆಯೂ ಮೇಲೆ ಹಾರುತ್ತಿತ್ತು. ಅದೇ ಚಳಿಗಾಲದಲ್ಲಿ, ಗಾಳಿ ನುಗ್ಗುತ್ತದೆಂದು ಕಿಟಕಿ ಬಾಗಿಲುಗಳ ಸಂದಿಗೊಂದಿಗಳಿಗೆಲ್ಲ ನಾನೇ ಏಣಿ ಹತ್ತಿ ರಬ್ಬರ್ ಪಟ್ಟಿ ಅಂಟಿಸಿದೆ. ಇಷ್ಟಾದ ಮೇಲೆ ಒಂದು ವಿಚಿತ್ರ ಶುರುವಾಯಿತು. ಫ್ಯಾನನ್ನು ಪೂರ್ತಿ ವೇಗಕ್ಕಿಟ್ಟರೆ ಹಿತ್ತಿಲಿನ ಬಾಗಿಲನ್ನು ಭುಜ ಕೊಟ್ಟು ನೂಕಬೇಕಾಗುತ್ತಿತ್ತು. ಯಾರಿಗಾದರೂ ಅನುಮಾನ ಬರಬೇಕು. ನನಗೆ ಹೆಮ್ಮೆ ಬಂತು. ಬಂದವರನ್ನೆಲ್ಲ ಕರೆದು "ನೂಕಿ ನೋಡ್ರಿ, ಏನ್ ಪವರ್ ಅದ!" ಎಂದು ತೋರಿಸುತ್ತಿದ್ದೆ.

ಇಂಥ ಮನೆಗೆ ಧಾರವಾಡದಿಂದ ನನ್ನ ಸುಮಿತ್ರಕ್ಕ ಬಂದಳು. ನನ್ನನ್ನು ಎತ್ತಿ ಆಡಿಸಿದವಳು, ಈಗಲೂ ಸುಧೀಂದ್ರನಾದ ನನ್ನನ್ನು "ಸುಧ್ಯಾ" ಎಂದು ಕರೆಯುವ ಒಬ್ಬಳೇ ಒಬ್ಬಳು. ಮೆಟ್ಟಿಲು ಹತ್ತಲಾಗದೆಂದು ಕೆಳಗಿನ ಕೋಣೆ ಕೊಟ್ಟೆವು. ಅದರ ಗೋಡೆಗೆ ತಾಗಿದ ಗೂಡಿನಲ್ಲಿ ಸ್ನಾನದ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಇದೆ. ಅದರ ಹೊಗೆ ಕೊಳವೆಯ ಚಿಮ್ನಿಯಲ್ಲಿ ಸೂರಿನ ಮೇಲೆ ಹೋಗುತ್ತದೆ. ಹೋಗಬೇಕು.

ಬಂದ ಕೆಲವೇ ದಿನಕ್ಕೆ ಅಕ್ಕ, "ಸುಧ್ಯಾ, ತಲಿ ಸಿಡೀತದೋ" ಎಂದಳು. ಜೆಟ್‌ಲ್ಯಾಗ್ ಎಂದೆ. ವಾಕರಿಕೆ ಎಂದಳು, ನೀರು ಬದಲಾಗಿದೆ ಎಂದೆ. ಹಗಲೆಲ್ಲ ತೂಕಡಿಸುತ್ತಿದ್ದಳು, ವಯಸ್ಸು ಎಂದೆ. ಅಷ್ಟಕ್ಕೇ ಬಿಡದೆ ಗತ್ತಿನಿಂದ ಆಕ್ಸಿಮೀಟರ್ ತಂದು ಅವಳ ಬೆರಳಿಗೆ ಸಿಕ್ಕಿಸಿದೆ. ತೊಂಬತ್ತೊಂಬತ್ತು ತೋರಿಸಿತು. "ನನಗಿಂತ ಗಟ್ಟಿ ಇದ್ದೀ ನೀ" ಎಂದು ಬೆನ್ನು ತಟ್ಟಿದೆ. ನಮಗೂ ಆಗಾಗ ತಲೆ ಭಾರವಾಗುತ್ತಿತ್ತು. ಅದಕ್ಕೆ ಟಿವಿಯ ಸುದ್ದಿ ಕಾರಣ ಎಂದು ತೀರ್ಮಾನಿಸಿದ್ದೆ.

ನಡುವೆ ಅಕ್ಕ ನಾಲ್ಕೈದು ಗಂಟೆ ದಾರಿಯ ಫುಲ್‌ಶೀರ್‌ನಲ್ಲಿರುವ ತನ್ನ ಮಗಳ ಮನೆಗೆ ಹೋದಳು. ಅಲ್ಲಿಂದ ಫೋನಿನಲ್ಲಿ ಗಂಟೆಗಟ್ಟಲೆ ನಗು, ಹರಟೆ. "ಇಲ್ಲೆ ತಲಿನೋವ ಇಲ್ಲ ನೋಡು, ಆರಾಮ ಇದ್ದೀನಿ" ಎಂದಳು. ವಾಪಸು ಬಂದ ಮರುದಿನವೇ ಮತ್ತೆ ಹಣೆಗೆ ಬಟ್ಟೆ ಕಟ್ಟಿ ಕೂತಳು. ನನಗೆ ಹೊಟ್ಟೆ ಉರಿಯಿತು. ಮಗಳ ಮನೆಯಲ್ಲಿ ಇಲ್ಲದ ತಲೆನೋವು ತಮ್ಮನ ಮನೆಗೇ ಯಾಕೆ ಬರಬೇಕು? "ಅಕ್ಕಗ ನಮ್ಮ ಮನಿ ಸೇರಂಗಿಲ್ಲ" ಎಂದು ವೀಣಾಳ ಮುಂದೆ ಮುಖ ಊದಿಸಿದೆ. ಅಕ್ಕನ ಮನಸ್ಸು ಗೆಲ್ಲಲು ಅವಳಿಗಿಷ್ಟವಾದ ಎಣ್ಣೆಗಾಯಿ, ಹಸಿಖಾರ ಮಾಡಲು ನಿಂತೆ. ಅಂದರೆ ಇನ್ನಷ್ಟು ಫ್ಯಾನ್.

ಅಂದು ಮಧ್ಯಾಹ್ನ ವೀಣಾ ಪಾತ್ರೆ, ಬಟ್ಟೆ ಎರಡೂ ಯಂತ್ರಗಳನ್ನು ಹಾಕಿದ್ದಳು. ಅವಕ್ಕೆ ಬಿಸಿನೀರು ಒದಗಿಸಲು ಬಾಯ್ಲರ್ ಬಿಡುವಿಲ್ಲದೆ ಉರಿಯುತ್ತಿತ್ತು. ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಅಲಾರಂ ಹೊಡೆಯಿತು. ರೂಢಿಯಂತೆ ಫ್ಯಾನಿನ ವೇಗ ಏರಿಸಿದೆ. ಅಲಾರಂ ನಿಲ್ಲಲಿಲ್ಲ, ಇನ್ನೂ ಏರಿಸಿದೆ. ವೀಣಾ ಟವೆಲ್ ಹಿಡಿದು ಹೋದವಳು ಅಲ್ಲಿಂದಲೇ ಕೂಗಿದಳು. "ರೀ, ಇದು ದಿನಾ ಕೂಗೋಹಂಗ ಬೆಂಕಿ ಅನ್ಲಿಕ್ಕತ್ತಿಲ್ರಿ! ಕಾರ್ಬನ್ ಮಾನಾಕ್ಸೈಡ್ ಅನ್ಲಿಕ್ಕತ್ತದ!"

"ಖಾರದ ಘಾಟಿಗೆ ಅದರ ತಲಿ ಕೆಟ್ಟದ, ಬೀಸು!" ಎಂದೆ. ಹೌದು, ಹಾಗೇ ಎಂದೆ. ಅವಳು ಬೀಸಲಿಲ್ಲ, ಪುಣ್ಯಾತ್ಗಿತ್ತಿ. ಅಕ್ಕ ಮಲಗಿದ್ದ ಕೋಣೆಗೆ ಓಡಿದಳು. ಮರುಕ್ಷಣ ಅವಳು ಕಿರುಚಿದ್ದು ಕೇಳಿ ನಾನೂ ಓಡಿದೆ. ಅಕ್ಕ ಏಳುತ್ತಿಲ್ಲ. ಅಲುಗಾಡಿಸಿದರೆ "ಹೂಂ" ಎನ್ನುತ್ತಾಳೆ, ಕಣ್ಣು ಬಿಡುವುದಿಲ್ಲ. ಅಯ್ಯೋ ದೇವರೇ! ಎಷ್ಟೋ ಜನರನ್ನು ಎಬ್ಬಿಸಿದವನು ನನ್ನ ಅಕ್ಕನನ್ನು ಎಬ್ಬಿಸಲಾಗದೆ "ಅಕ್ಕಾ, ಅಕ್ಕಾ" ಎಂದು ಸಣ್ಣ ಹುಡುಗನಂತೆ ಅಳುತ್ತಿದ್ದೆ. ಇಬ್ಬರೂ ಸೇರಿ ಅವಳನ್ನು ಹೊತ್ತು ಹೊರಗೆ ಹುಲ್ಲಿನ ಮೇಲೆ ಮಲಗಿಸಿದೆವು. ವೀಣಾ ತುರ್ತು ಸೇವೆಗೆ ಫೋನ್ ಮಾಡಿದಳು. ಚಳಿಗಾಳಿ ತಗುಲಿ ಅಕ್ಕ ಕಣ್ಣು ಬಿಟ್ಟಳು. "ಯಾಕೋ, ನಿನ್ನ ಮೈಯೆಲ್ಲಾ ಮೆಣಸಿನಕಾಯಿ ವಾಸನಿ ಹೊಡೀತದಲ್ಲೋ" ಎಂದಳು. ಅದಕ್ಕಿಂತ ಸವಿಯಾದ ಮಾತನ್ನು ನಾನು ಜನ್ಮದಲ್ಲಿ ಕೇಳಿಲ್ಲ.

ಅಗ್ನಿಶಾಮಕದವರು ಬಂದು ಗ್ಯಾಸ್ ನಿಲ್ಲಿಸಿ, ಮನೆಯೊಳಗೆ ಮೀಟರ್ ಹಿಡಿದು ಓಡಾಡಿದರು. ಅವರಲ್ಲೊಬ್ಬ ಹೆಂಗಸು ಹೊರಬಂದು ನನ್ನನ್ನು ಕೇಳಿದಳು: ಇವರಿಗೆ ಮೊದಲೂ ತಲೆನೋವು ಬರುತ್ತಿತ್ತೇ? ಮನೆ ಬಿಟ್ಟು ಹೋದಾಗ ಕಡಿಮೆಯಾಗುತ್ತಿತ್ತೇ?

ಇದೇ ಪ್ರಶ್ನೆಯನ್ನು ಕೇಳಬೇಕೆಂದು ಕಿರಿಯ ಡಾಕ್ಟರರಿಗೆ ಹೇಳಿಕೊಟ್ಟವನು ನಾನು. ಕಣ್ಣಿಗೂ ಮೂಗಿಗೂ ಸಿಗದ ಈ ಕಾರ್ಬನ್ ಮಾನಾಕ್ಸೈಡ್ ವಿಷಗಾಳಿ ಸೇರಿದ ರಕ್ತವನ್ನು ನೋಡಿ ಬೆರಳಿನ ಆಕ್ಸಿಮೀಟರ್ ಮೋಸಹೋಗುತ್ತದೆ, ಎಲ್ಲ ಚೆನ್ನಾಗಿದೆ ಎಂದೇ ತೋರಿಸುತ್ತದೆ, ನಂಬಬೇಡಿ ಎಂದು ಮೇಜು ಕುಟ್ಟಿ ಪಾಠ ಮಾಡಿದವನೂ ನಾನೇ. ಫ್ಯಾನು ಮನೆಯ ಗಾಳಿಯನ್ನೆಲ್ಲ ಹೊರಗೆ ಎಳೆದುಹಾಕುತ್ತಿತ್ತು. ಬದಲಿಗೆ ಗಾಳಿ ಒಳಬರಲು ನಾನು ಒಂದು ಸಂದಿಯನ್ನೂ ಬಿಟ್ಟಿರಲಿಲ್ಲ. ತೆರೆದಿದ್ದ ದಾರಿ ಬಾಯ್ಲರಿನ ಚಿಮ್ನಿಯೊಂದೇ. ಮೇಲಕ್ಕೆ ಹೋಗಬೇಕಾದ ಹೊಗೆ ಅದೇ ಗಾಳಿಯ ಜೊತೆ ಕೆಳಗಿಳಿದು ಸೀದಾ ಅಕ್ಕನ ದಿಂಬಿನ ಹತ್ತಿರ ಬರುತ್ತಿತ್ತು. ಅಲಾರಂ ಕೂಗಿದಷ್ಟೂ ನಾನು ಫ್ಯಾನ್ ಏರಿಸುತ್ತಿದ್ದೆ, ಏರಿಸಿದಷ್ಟೂ ಹೊಗೆ ಇಳಿಯುತ್ತಿತ್ತು. ಪ್ರೀತಿಯಿಂದ ಎಣ್ಣೆಗಾಯಿ ಮಾಡುತ್ತ ಮಾಡುತ್ತ ಒಡಹುಟ್ಟಿದ ಅಕ್ಕನನ್ನೇ ಮುಗಿಸಲು ಹೊರಟಿದ್ದೆ.

ಈಗ ಬೇರೆ ಬಾಯ್ಲರ್ ಹಾಕಿಸಿದ್ದೇವೆ. ತನಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತಂದುಕೊಂಡು, ಹೊಗೆಯನ್ನು ಮುಚ್ಚಿದ ಕೊಳವೆಯಲ್ಲಿ ಹೊರಗೇ ಬಿಡುತ್ತದೆ. ಮನೆಯವರ ಗೊಡವೆಗೆ ಬರುವುದಿಲ್ಲ. ಫ್ಯಾನ್ ಹಾಕುವ ಮೊದಲು ಕಿಟಕಿ ತೆರೆಯಬೇಕೆಂದು ವೀಣಾ ಕಟ್ಟಪ್ಪಣೆ ಮಾಡಿದ್ದಾಳೆ.

ಆದರೆ ಅಂದು ಅಕ್ಕನನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಅಕ್ಕ ಚೇತರಿಸಿಕೊಂಡಿದ್ದಳು. ಗಾಬರಿಯಲ್ಲಿ ನಾನು ಯಾರು, ಏನು ಎಂದು ಅಲ್ಲಿ ಹೇಳಿಕೊಂಡಿರಲಿಲ್ಲ. ಅವಳಿಗೆ ಇಂಗ್ಲಿಷ್ ಬಾರದು, ಹಾಗಾಗಿ ದುಭಾಷಿ ನಾನೇ. ಚಿಕ್ಕ ವಯಸ್ಸಿನ ಡಾಕ್ಟರ್ ಬಂದು, ಇಷ್ಟು ದಿನ ತಲೆನೋವಿದ್ದರೂ ಯಾರಿಗೂ ತೋರಿಸಲಿಲ್ಲವೇ ಎಂದು ಕೇಳಿದ. ಕನ್ನಡಕ್ಕಿಳಿಸಿದೆ.

"ತೋರಿಸಿದ್ನಲ್ಲೋ, ಡಾಕ್ಟರ್‌ಗೇ ತೋರಿಸಿದ್ನಿ" ಎಂದಳು ಅಕ್ಕ. ವಿಧಿಯಿಲ್ಲದೆ ಅದನ್ನೂ ಅನುವಾದಿಸಿದೆ.

ಆ ಹುಡುಗ ಕೆಂಡವಾದ. ಯಾವ ಡಾಕ್ಟರ್ ಅದು? ಇಷ್ಟೂ ತಿಳಿಯದವನಿಗೆ ಲೈಸೆನ್ಸ್ ಕೊಟ್ಟವರ್ಯಾರು? ಅವನ ಜೊತೆ ನಾನು ಮಾತಾಡಬೇಕು, ಕೇಳಿ ಇವರನ್ನು, ಎಂದ. ನನಗೆ ಥಟ್ಟನೆ ಕನ್ನಡವೂ ಮರೆತುಹೋಯಿತು, ಇಂಗ್ಲಿಷೂ ಮರೆತುಹೋಯಿತು. ಆದರೆ 'ಡಾಕ್ಟರ್' ಎನ್ನುವ ಶಬ್ದಕ್ಕೆ ಅಕ್ಕನಿಗೆ ಅನುವಾದ ಬೇಕಿರಲಿಲ್ಲ. ಮಾಸ್ಕಿನೊಳಗೇ ನಗುತ್ತ, ತುಂಬು ಅಭಿಮಾನದಿಂದ ಕೈ ಎತ್ತಿ ನನ್ನನ್ನು ತೋರಿಸಿದಳು. ಹುಡುಗ ನನ್ನ ಕಡೆ ತಿರುಗಿದ. ಹಿಂದೆ ಬೇರೆ ಯಾರಾದರೂ ನಿಂತಿರಬಹುದೇ ಎಂದು ನಾನೂ ತಿರುಗಿ ನೋಡಿದೆ. ಗೋಡೆ ಇತ್ತು.