ಐದೂವರೆಯ ಬಸ್ಸಿಗೆ ಪಾಯಿಂಟ್ ಇಲ್ಲ

ಬಾಸ್ಕೆಟ್‌ಬಾಲ್ ಎಂದರೆ ನನ್ನ ಕಿವಿಯಲ್ಲಿ ಮೊದಲು ಕೇಳಿಸುವುದು ರೆಫರಿಯ ಸೀಟಿಯಲ್ಲ, ಭರಮಸಾಗರದ ಬಸ್ಸಿನ ಹಾರನ್. ಚಿತ್ರದುರ್ಗದ ನಮ್ಮ ಕಾಲೇಜಿನ ಕಾಂಪೌಂಡಿನಾಚೆ ಅದು ಎರಡು ಸಲ ಕೂಗಿತೆಂದರೆ ಕೋರ್ಟಿನಲ್ಲಿ ಅರ್ಧ ಟೀಮ್ ಖಾಲಿ. ಇದನ್ನು ಯಾವ ಸ್ಕೋರ್‌ಶೀಟೂ ಬರೆದಿಡುವುದಿಲ್ಲ. ಈ ವಯಸ್ಸಿನಲ್ಲಿ ನನ್ನ ಬಿ.ಪಿ. ಏರಿದ್ದೂ ಅದಕ್ಕೇ.

ಏರಿಸಿದವರು ಕಾಲೇಜಿನ ಈಗಿನ ಪಿ.ಇ. ಮೇಷ್ಟ್ರು. ನಾನು ಹುಡುಗಿಯರ ಟೀಮಿನ ಹಳೆಯ ಕ್ಯಾಪ್ಟನ್ ಎಂದು ಹೋದ ವಾರ ನನ್ನ ಮನೆಗೆ ಬಂದು, ನನ್ನದೇ ಕಾಫಿ ಕುಡಿಯುತ್ತಾ ಒಂದು ಚಾರ್ಟ್ ಬಿಚ್ಚಿದರು. ಒಂದೆರಡು ಪಾಯಿಂಟಿನಲ್ಲಿ ಮುಗಿದ ಮ್ಯಾಚುಗಳಲ್ಲಿ ಯಾವ ವರ್ಷದ ಹುಡುಗಿಯರ ಟೀಮು ಗೆದ್ದಿತು, ಯಾವುದು ಸೋತಿತು ಎಂಬ ಹೋಲಿಕೆ. ಕಾಲೇಜಿನ ಹಾಲ್‌ನಲ್ಲಿ ತೂಗುಹಾಕುತ್ತಾರಂತೆ. ಈಗಿನವರ ಸಾಲು ಪೂರ್ತಿ ಹಸಿರು. ನಮ್ಮದು ಕೆಂಪು, ನಡುವೆ ಒಂದೇ ಒಂದು ಹಸಿರು ಚುಕ್ಕೆ. ಪಕ್ಕದಲ್ಲಿ ಷರಾ: 'ಒತ್ತಡದಲ್ಲಿ ದುರ್ಬಲ.'

"ಯಾರ್ರೀ ದುರ್ಬಲ?" ಎಂದೆ. ಲೇಡೀಸ್ ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಹತ್ತು ವರ್ಷ ಕಲಿಸಿದ್ದು ಒಂದೇ ಉಸಿರಿಗೆ ಹೋಯಿತು.

"ಸಿಟ್ಟಾಗಬ್ಯಾಡ್ರಿ ಮೇಡಂ. ಕೊನೇ ಐದು ನಿಮಿಷಕ್ಕೆ ನಿಮ್ಮೋರು ಕೈ ಬಿಡ್ತಿದ್ರು ಅಂತ ಶೀಟಿನಾಗೇ ಐತಲ್ರಿ. ಈಗಿನ ಹುಡುಗೀರು ನೋಡ್ರಿ, ಕೊನೇ ನಿಮಿಷಕ್ಕೆ ಹುಲಿ ಆಗ್ತಾರೆ!"

"ನಿಮ್ಮ ಹುಲಿಗಳು ಮನೆಗೆ ಹೆಂಗೆ ಹೋಗ್ತವೆ?"

"ಕಾಲೇಜ್ ವ್ಯಾನ್ ಐತಲ್ರಿ."

ನಾನ್‌ಸೆನ್ಸ್! ನಮಗೆ ವ್ಯಾನ್ ಎಲ್ಲಿತ್ತು? ನಾಲ್ಕಕ್ಕೆ ಶುರುವಾಗಬೇಕಾದ ಮ್ಯಾಚು, ಚೀಫ್ ಗೆಸ್ಟರ ಭಾಷಣ ಮುಗಿದು ನಾಲ್ಕೂಮುಕ್ಕಾಲಿಗೆ ಶುರು. ಐದೂವರೆಗೆ ಕೊನೆಯ ಬಸ್ಸು. ನಮ್ಮ ಬೆಸ್ಟ್ ಶೂಟರ್, ಭರಮಸಾಗರದ ಗಿರಿಜೆ, ಚೆಂಡನ್ನು ನನ್ನ ಕೈಗೆ ತುರುಕಿ, ನಿಕ್ಕರಿನ ಮೇಲೆಯೇ ಲಂಗ ಸುತ್ತಿಕೊಂಡು ಓಡುವಳು; ಹಿಂದೆಯೇ ಅವಳೂರಿನ ಇನ್ನೊಬ್ಬಳು. ಸಬ್‌ಸ್ಟಿಟ್ಯೂಟನ್ನು ಇಳಿಸೋಣವೆಂದರೆ ಅವಳೂ ಅದೇ ಬಸ್ಸು! ಉಳಿದ ಮೂವರು ಹಾಸ್ಟೆಲ್ ಹುಡುಗಿಯರು ಐವರ ಎದುರು ಆಡಿ ಎರಡು ಪಾಯಿಂಟಿನಲ್ಲಿ ಸೋತರೆ ಅದು ದುರ್ಬಲವೇ? ಮೇಷ್ಟ್ರ ಪೆನ್ನು ಕಿತ್ತುಕೊಂಡು ಷರಾ ಹೊಡೆದುಹಾಕಿದೆ.

"ಆತು ಬಿಡ್ರಿ," ಎಂದರು ಪಾಪ. "ಮತ್ತೆ ಹಿರಿಯೂರಿನೋರ ಮ್ಯಾಲೆ ಈ ಒಂದು ಮ್ಯಾಚು ಹೆಂಗೆ ಗೆದ್ರಿ?"

ನಾನು ಪೆನ್ನು ಕೆಳಗಿಟ್ಟೆ. ಆ ದಿನ ಬಸ್ಸು ಕೂಗಿದಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ನಾನು ಗಿರಿಜೆಯ ತೋಳು ಹಿಡಿದುಕೊಂಡೆ. "ಬಿಡಕ್ಕಾ, ನಮ್ಮಪ್ಪ ಕಾಲು ಮುರೀತಾನೆ," ಎಂದಳು. "ಡೋಂಟ್ ಬಿ ಎ ಕೌವರ್ಡ್," ಎಂದೆ. ಹೇಡಿ ಎಂದು ಇಂಗ್ಲಿಷಿನಲ್ಲಿ ಬೈದರೆ ಅವಳಿಗೆ ಮರುಮಾತು ಬರದೆಂದು ನನಗೆ ಗೊತ್ತಿತ್ತು. ಅವಳು ನಿಂತಳು. ಕೊನೆಯ ಬಾಸ್ಕೆಟ್ ಹಾಕಿದಳು. ಬಸ್ಸು ಹೋಯಿತು. ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲೇ ಮಲಗಿದಳು. ಮನೆಗೆ ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ.

ಅವಳನ್ನು ನಾನು ಕೊನೆಯ ಸಲ ಕಂಡದ್ದು ಎರಡು ದಿನದ ಮೇಲೆ, ಪ್ರಿನ್ಸಿಪಾಲರ ರೂಮಿನ ಹೊರಗೆ. ಸೀರೆ ಉಟ್ಟಿದ್ದಳು. ಒಳಗೆ ಅವಳ ತಂದೆ ಟಿ.ಸಿ. ಬರೆಸಿಕೊಳ್ಳುತ್ತಿದ್ದರು. "ಅಕ್ಕಾ, ನನ್ನ ಷೂ ನಿನ್ನ ರೂಮ್ನಾಗೇ ಅವೆ. ಯಾರಿಗಾರ ಕೊಡು, ಇನ್ನೂ ಹೊಸಾವು," ಎಂದಳು. ಅಷ್ಟೆಲ್ಲ ಇಂಗ್ಲಿಷ್ ಕಲಿತ ನನಗೆ ಹೊಳೆದದ್ದು ಒಂದೇ ಮಾತು. "ಆಲ್ ದಿ ಬೆಸ್ಟ್," ಎಂದು ಕೈ ಕುಲುಕಿದೆ.