ಅತ್ತಿ ಗಿಡದ ಬುಡಕ ಗಂಗಿ

ಕೊಳ್ಳಾಗಿನ ಲಿಂಗ ಹಿಡದ ಹೇಳತೇನಿ, ಇದರಾಗ ಒಂದ ಮಾತೂ ಕಟ್ಟಿದ್ದಲ್ಲ. ಕಟ್ಟಿ ಹೇಳೂದಿದ್ರ ನಾ ಗೆದ್ದದ್ದನ್ನ ಹೇಳತಿದ್ದೆ, ಮಾನ ಹೋಗಿದ್ದನ್ನ ಯಾಕ ಹೇಳಲಿ? ಸಾಂಗಲಿ ಪೇಟ್ಯಾಗ ಅರಿಷಿಣದ ಕೊಂಬ ಮುರದ ಸಪ್ಪಳ ಕೇಳಿ ಮಾಲಿನ ದರ ಹೇಳಾಂವ ನಾ. ಸಾಲಿ ಕಲತಿಲ್ಲ, ಆದ್ರ ಕಲತವರು ನನ್ನ ಕೇಳಾಕ ಬರತಿದ್ರು. ಅಂಥಾಂವ ಅದೇ ಊರಿನ ವಿಶ್ರಾಮಬಾಗದಾಗ ಮನಿ ಕಟ್ಟಿ, ಬಚ್ಚಲ ಗ್ವಾಡಿಗಿ ಹತ್ತಿ ಒಂದ ಅತ್ತಿ ಗಿಡ ಹಚ್ಚಿದೆ ನೋಡ್ರಿ, ಅವತ್ತಿನಿಂದ ಒಂದಿಲ್ಲೊಂದ ಫಜೀತಿ ಆಕ್ಕೋತನ ಬಂದೈತಿ.

೧. ಹೇಳಿದ ಮಾತ ಕೇಳೂ ಗಿಡ

ಹಚ್ಚೂ ದಿವಸನ ನಮ್ಮ ಮನಿಯಾಕಿ ಅಡ್ಡ ಬಂದ್ಲು. "ಇಷ್ಟ ಸಮೀಪ ಬ್ಯಾಡ್ರಿ. ಬೇರು ಗಟಾರಕ್ಕ ಇಳೀತಾವು. ಆ ಕಡೆ ಕಂಪೌಂಡಿಗಿ ಹಚ್ರಿ."

"ಕಂಪೌಂಡಿಗಿ ಹಚ್ಚಿದ್ರ ನೆರಳ ಮಂದಿಗಿ ಬೀಳತೈತಿ," ಅಂದೆ. "ರೊಕ್ಕಾ ನಂದು, ನೀರ ನಂದು, ನೆರಳ ಅವರಿಗಿ ಯಾಕ?"

"ಬೇರು?"

"ಬೇರಿಗಿ ನಾ ಹೇಳತೇನಿ, ಬಚ್ಚಲದ ಕಡೆ ಬರಬ್ಯಾಡ ಅಂತ. ಪೇಟ್ಯಾಗ ಹಮಾಲರೆಲ್ಲಾ ನನ್ನ ಮಾತ ಕೇಳತಿದ್ರು, ಗಿಡ ಕೇಳೂದಿಲ್ಲೇನ?"

ಆಕಿ ನೀರಿನ ಕೊಡ ನನ್ನ ಕೈಯಾಗ ಇಟ್ಲು. "ಹೇಳ್ರಿ ಹಂಗಾದ್ರ. ಮನ್ಯಾಗಂತೂ ಯಾರೂ ಕೇಳೂದಿಲ್ಲ, ಗಿಡರೆ ಕೇಳಲಿ."

೨. ಮುಳಾ ಮತ್ತ ಮುಲಾ

ಗಿಡ ಮಾಳಗಿ ಮಟ್ಟ ಬೆಳೀತು. ಬಚ್ಚಲ ಗ್ವಾಡಿ ಸೀಳಿತು, ಜಳಕದ ನೀರ ಹೊಳ್ಳಿ ಮ್ಯಾಲ ಬರಾಕ ಹತ್ತಿತು. ಮನಿಯಾಕಿ ಒಂದ ಮಾತ ಹೇಳಿಬಿಟ್ಲು: "ಈ ಬಚ್ಚಲ ನೆಟ್ಟಗಾಗೂ ಮಟಾ ನಾ ಮಿರಜದಾಗ ತಂಗಿ ಮನ್ಯಾಗ ಇರತೇನಿ. ನೀವು, ನಿಮ್ಮ ಗಿಡ ಕೂಡಿ ಬಾಳ್ವೆ ಮಾಡ್ರಿ." ಚೀಲಾ ತುಂಬಕೊಂಡ ಹೋಗೇ ಬಿಟ್ಲು. ಮನ್ಯಾಗ ಉಳದವರು ನಾ, ಮಗಾ, ಸೊಸಿ.

ಗಿಡ ಕಡ್ಯಾಕ ಮಹಾನಗರಪಾಲಿಕಿ ಕಚೇರಿ ಪರವಾನಗಿ ಬೇಕು ಅಂದ್ರು. ಫೋನ್ ಹಚ್ಚಿದೆ. ಬಾಯಾಗ ತಂಬಾಕ ಇತ್ತು. ಮರಾಠಿಯೊಳಗ ಬೇರಿಗಿ ಮುಳಾ ಅಂತಾರ, ಹುಡುಗೋರಿಗಿ ಮುಲಾ ಅಂತಾರ. ತಂಬಾಕ ತುಂಬಿದ ಬಾಯಾಗ ನಾಲಿಗಿ ಮಡಚಿ 'ಳಾ' ಎಲ್ಲಿ ಅನ್ನೂದು? ಎಲ್ಲಾ 'ಲಾ'ನ ಆತು.

"ಮನ್ಯಾಗ ಮುಲಾಂದ ಭಾಳ ತ್ರಾಸ ಐತ್ರಿ ಬಾಯಿ," ಅಂದೆ. "ಗ್ವಾಡಿ ಒಡದಾವು."

ಆ ಕಡಿಂದ ಹೆಣ್ಣಮಗಳು, "ಸಣ್ಣಾವು ಅದಾವೇನ್ರಿ ಆಜೋಬಾ?" ಅಂದ್ಲು.

"ಸಣ್ಣಾವು ಪೈಪಿನ್ಯಾಗ ಹೊಕ್ಕಾವು. ದೊಡ್ಡಾವು ಬಚ್ಚಲದಾಗ ಕುಂತಾವು. ಎಲ್ಲಾ ಕಡದ ಹಾಕೂದೈತಿ, ಪರವಾನಗಿ ಕೊಡ್ರಿ."

ಆಕಿ ಮೆತ್ತಗ ಅಂದ್ಲು, "ಆಜೋಬಾ, ನೀವು ಒಂದೀಟ ನೀರ ಕುಡದ ಕುಂದ್ರಿ. ಮನ್ಯಾಗ ಮತ್ತ ಯಾರರೆ ಶಾಣ್ಯಾರು ಇದ್ರ ಫೋನ್ ಕೊಡ್ರಿ."

೩. ಪಾರ ಆತು

ಪರವಾನಗಿ ಗೊಡವಿ ಬಿಟ್ಟೆ. ಮಗಾ ಪ್ಲಂಬರನ್ನ ಕರಕೊಂಡ ಬಂದಾ. ಅಂವ ನೆಲಾ ಅಗದ ಪೈಪ ಬದಲ ಮಾಡಬೇಕು ಅಂದ. "ನಿನ್ನ ವಯಸ್ಸಿಗಿಂತ ಜಾಸ್ತಿ ವರ್ಷ ನಾ ಗಟಾರ ನೋಡೇನಿ, ಹೋಗ," ಅಂತ ಹೊಳ್ಳಿ ಕಳಿಸಿದೆ.

ಕಬ್ಬಿಣದ ಹಾರಿ ತಗೊಂಡ ಮೋರಿಯೊಳಗ ನಾನ ಗುದ್ದಿದೆ. ಒಮ್ಮೆ ಧಡ್ ಅಂತು. ನಿಂತ ನೀರೆಲ್ಲಾ ಗುಳುಗುಳು ಅಂತ ಇಳದ ಹೋತು.

"ಪಾರ ಆತು ನೋಡ," ಅಂತ ಮೀಸಿ ತಿರುವಿದೆ.

ಮಗಾ ಬಗ್ಗಿ ನೋಡಿ, "ನೀರ ಎಲ್ಲಿ ಹೋತಪ್ಪಾ?" ಅಂದಾ.

"ಹೋತಿಲ್ಲೋ? ಹೋದವರ ವಿಳಾಸ ತಗೊಂಡ ಏನ ಮಾಡಾಂವ ಅದಿ?"

ಮನಿಯಾಕಿಗೆ ಫೋನ್ ಹಚ್ಚಿ, ಬಾ ಅಂದೆ. ನಾಳೆ ಮುಂಜಾನೆ ಬಂದ ನೋಡತೇನಿ, ಆಮ್ಯಾಲ ಇರೂದ ಬಿಡೂದ ಹೇಳತೇನಿ ಅಂದ್ಲು.

೪. ಕೇದಿಗಿ ವಾಸನಿಯ ತೀರ್ಥ

ಮರುದಿವಸ ಮುಂಜಾನೆ ಬಾಜೂ ಮನಿ ಕಾಕು ಓಡಿ ಬಂದ್ಲು. ಅತ್ತಿ ಗಿಡ ಅಂದ್ರ ಮರಾಠಿ ಮಂದಿಗಿ ಔದುಂಬರ, ದತ್ತ ದೇವರ ಗಿಡ. ಕಾಕು ದಿನಾ ಸುತ್ತ ಹಾಕತಿದ್ಲು. "ಆಜೋಬಾ, ಬುಡಕ ನೀರ ಉಕ್ಕಾಕತ್ತೈತಿ," ಅಂದ್ಲು. ಹೋಗಿ ನೋಡಿದ್ರ ಖರೇನ, ಬೆಚ್ಚಗ ನೀರು ಬುಳುಬುಳು ಬರಾಕತ್ತಿತ್ತು.

ಮಂದಿ ಕೂಡಿದ್ರು. ಅತ್ತಿ ಬುಡಕ ಗಂಗಿ ಇರತಾಳ ಅಂತ ಎಲ್ಲಾರೂ ಕೇಳಿದ್ರು. ಮಂದಿ ಕೂಡಿದ ಮ್ಯಾಲ ನನ್ನ ಬಾಯಿ ಸುಮ್ಮನ ಇರತೈತೇನ್ರಿ? "ಅದಕ್ಕ ನಾ ಇಲ್ಲೇ ಹಚ್ಚಿದ್ದ," ಅಂದೆ. "ಹಚ್ಚೂ ದಿವಸನ ಕಾಲಾಗ ತಂಪ ಹತ್ತಿತ್ತು ನನಗ."

ಒಬ್ಬಾಂವ, "ಇದು ಬೆಚ್ಚಗ ಐತೆಲ್ರಿ ಆಜೋಬಾ," ಅಂದ.

"ಗಂಗಿ ದೂರದಿಂದ ಬರತಾಳ, ಕಾಯೂದಿಲ್ಲೇನ?"

ಕಾಕು ಕೈಬಟ್ಟ ನೀರಾಗ ಎದ್ದಿ ತಲಿಗಿ ಹಚಗೊಂಡ್ಲು. ಮೂಗಿಗಿ ಹಿಡದ, "ಕೇದಿಗಿ ವಾಸನಿ ಬರತೈತಿ," ಅಂದ್ಲು. ಎಲ್ಲಾರೂ ಕೈ ಮುಗದ್ರು. ಮನಿ ಯಜಮಾನ ಹಿಂದ ಬಿದ್ರ ಹೆಂಗ? ನಾ ಬೊಗಸಿ ತುಂಬಿ ಗಟಗಟ ಕುಡದೆ. ಐವತ್ತೊಂದ ರೂಪಾಯಿ ದಕ್ಷಿಣಿ ಬುಡಕ ಇಟ್ಟೆ. ಅಷ್ಟರಾಗ ಮನಿಯಾಕಿ ರಿಕ್ಷಾದಿಂದ ಇಳದ, ಚೀಲಾ ಹಿಡದ ಗೇಟಿನ್ಯಾಗ ನಿಂತ್ಲು. ಎದಿ ಉಬ್ಬಿಸಿ ಆಕಿ ಕಡೆ ನೋಡಿದೆ.

ಆಗ ಹಿತ್ತಲ ಬಾಗಿಲಾ ತಗದ ಸೊಸಿ ಹೊರಗ ಬಂದ್ಲು. ಆಗಷ್ಟ ಎರಕೊಂಡಿದ್ಲು, ತಲಿಗಿ ಟಾವೆಲ್ಲ ಸುತ್ತಿತ್ತು. ಇಡೀ ಅಂಗಳ ಕೇದಿಗಿ ವಾಸನಿ ಆತು.

ಕಾಕು ಆಕಿ ಹತ್ರ ಹೋಗಿ ತಲಿ ಮೂಸಿ ನೋಡಿದ್ಲು. ಹೊಳ್ಳಿ ಬಂದ ತನ್ನ ಬಟ್ಟ ಮೂಸಿ ನೋಡಿದ್ಲು. ಆಮ್ಯಾಲ ನನ್ನ ಮಾರಿ ನೋಡಿದ್ಲು. ನನ್ನ ಮೀಸಿಯಿಂದ ಇನ್ನೂ ಹನಿ ಬೀಳತಿದ್ವು. ಭೂಮಿ ಬಾಯಿ ಬಿಡಬಾರದೇನ ಅನಸ್ತು, ಆದ್ರ ಬಿಟ್ಟಿದ್ರ ಅಲ್ಲೂ ನಮ್ಮ ಬಚ್ಚಲದ ನೀರ ಇತ್ತು.

ಮನಿಯಾಕಿ ಚೀಲಾ ಕೆಳಗ ಇಟ್ಲು. "ನಾ ಇಲ್ಲೇ ಇರತೇನಿ," ಅಂದ್ಲು. "ಇಂಥಾವನ್ನ ಒಬ್ಬನ್ನ ಬಿಟ್ಟ ಹೋದ್ರ ಸೊಸಿ ಅರಿವಿ ಒಗದ ನೀರೂ ಕುಡದಾನು."

ಪ್ಲಂಬರನ್ನ ಕೈ ಮುಗದ ಕರಸಿದೆ. ಪೈಪು, ಸಿಮೆಂಟು, ಬಚ್ಚಲ ಗ್ವಾಡಿ, ಕೂಲಿ ಹಿಡದ ಹದಿನೆಂಟ ಸಾವಿರದ ನಾಕನೂರ ಆತು. ದಕ್ಷಿಣಿ ಹೊಳ್ಳಿ ತಗೊಳ್ಳಾಕ ಹೋದ್ರ ಕಾಕು ಕೈ ಹಿಡದ್ಲು: "ಇಟ್ಟದ್ದ ಎತ್ತಬಾರದ ಆಜೋಬಾ, ದೇವರದ್ದಾಗಲಿ, ಬಚ್ಚಲದ್ದಾಗಲಿ." ಕೂಡಿಸಿ ನಾ ಕಳಕೊಂಡದ್ದು ಹದಿನೆಂಟ ಸಾವಿರದ ನಾಕನೂರಾ ಐವತ್ತೊಂದ ರೂಪಾಯಿ.